ಹಿಂದೆ ದೀಪವಿತ್ತೆ?

ಕಳೆದ ಚಳಿಗಾಲದ ಒಂದು ಬೆಳಗ್ಗೆ, ದೆಹಲಿಯಲ್ಲಿ ಮಂಜು ದಟ್ಟವಾಗಿ ಕವಿದಿದ್ದ ಹೊತ್ತಿನಲ್ಲಿ, ನಮ್ಮ ಕಚೇರಿಯ ಗುತ್ತಿಗೆ ಸಹಾಯಕರೊಬ್ಬರಿಗೆ ಹಿಂದಿನಿಂದ ಬಂದ ಕಾರೊಂದು ಗುದ್ದಿ, ನಿಲ್ಲದೆ ಹೊರಟುಹೋಯಿತು. ಅವರು ಯಮುನೆಯ ಆಚೆಯ ಬಡಾವಣೆಯಿಂದ ದಿನವೂ ಸೈಕಲ್ ತುಳಿದು ಬರುವವರು. ನಾವು ಬರುವ ವೇಳೆಗೆ ಕಿಟಕಿಗಳನ್ನು ತೆರೆದು, ಮೇಜುಗಳನ್ನು ಒರೆಸಿ, ಕಡತಗಳನ್ನು ಸಾಲಾಗಿ ಇಟ್ಟಿರಬೇಕಾದದ್ದು ಅವರ ಕೆಲಸ. ಅಂದು ಕಿಟಕಿಗಳು ಮುಚ್ಚಿಯೇ ಇದ್ದವು. ಕಾಲಿನ ಮೂಳೆ ಎರಡು ಕಡೆ ಮುರಿದಿದೆಯೆಂಬ ಸುದ್ದಿ ಬಂದಾಗ ಹತ್ತೂವರೆಯಾಗಿತ್ತು. ‘ಅಯ್ಯೋ’ ಎಂದದ್ದಾಯಿತು. ಯಾವ ಆಸ್ಪತ್ರೆಯೆಂದು ವಿಚಾರಿಸಿದ್ದಾಯಿತು. ಆಮೇಲೆ ಶಾಖೆಯಲ್ಲಿ ಎದ್ದ ಮೊದಲ ಪ್ರಶ್ನೆ ಇದು: “ಸೈಕಲ್ಲಿಗೆ ಹಿಂದೆ ದೀಪವಿತ್ತೆ?”

ಕೇಳಿದವರಲ್ಲಿ ನಾವೂ ಇದ್ದೆವು. ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆಯಲ್ಲ ಅದು, ಸಹಜವಾಗಿಯೇ ಬಾಯಿಗೆ ಬಂದದ್ದು. ಆ ಮಂಜಿನಲ್ಲಿ ಕಾರು ಎಷ್ಟು ವೇಗವಾಗಿ ಬರುತ್ತಿತ್ತು, ಎದುರಿಗಿರುವುದು ಕಾಣದಿದ್ದಾಗ ಅದೇಕೆ ನಿಧಾನವಾಗಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅದು ನಮ್ಮನ್ನು ಕಾಡತೊಡಗಿತು. ಪೆಟ್ಟು ತಿಂದವನನ್ನೇ ಮೊದಲು ವಿಚಾರಣೆಗೆ ನಿಲ್ಲಿಸುವ ಈ ಅಭ್ಯಾಸವನ್ನು ನಮಗೆ ಕಲಿಸಿದವರು ಯಾರು? ಹುಡುಕುತ್ತ ಹೋದಾಗ, ಸೈಕಲ್ಲಿನ ಹಿಂಬದಿಯ ಆ ಪುಟ್ಟ ಕೆಂಪು ದೀಪಕ್ಕೆ ತನ್ನದೇ ಆದ ಒಂದು ಚರಿತ್ರೆಯಿರುವುದು ಕಂಡುಬಂತು. ಅದರ ಮೊದಲ ಅಧ್ಯಾಯಗಳು ಇಂಗ್ಲೆಂಡಿನಲ್ಲಿ ನಡೆದವು. ನಮ್ಮ ಮೋಟಾರು ಕಾನೂನಿನ ಬೇರುಗಳೂ ಅಲ್ಲಿಯವೇ ಆದ್ದರಿಂದ ಕಥೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರಸ್ತೆಯ ನ್ಯಾಯ ಸರಳವಾಗಿತ್ತು. ಅಪಾಯವನ್ನು ತರುವವನೇ ಎಚ್ಚರಿಕೆಯನ್ನೂ ಹೊರಬೇಕು. 1865ರ ಕಾನೂನಿನ ಪ್ರಕಾರ ಯಂತ್ರಚಾಲಿತ ಬಂಡಿಯೊಂದು ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಅದರ ಮುಂದೆ ಕೆಂಪು ಬಾವುಟ ಹಿಡಿದ ಒಬ್ಬ ಮನುಷ್ಯ ನಡೆಯಬೇಕಿತ್ತು. ಇಂದು ಇದನ್ನು ಓದಿದವರು ನಗುತ್ತಾರೆ. ನಗುವ ಮೊದಲು ಅದರೊಳಗಿನ ತರ್ಕವನ್ನು ಗಮನಿಸಬೇಕು: ಬಾವುಟ ಹಿಡಿಯಬೇಕಾದದ್ದು ಯಂತ್ರದ ಕಡೆಯವನು, ದಾರಿಹೋಕನಲ್ಲ.

ಸೈಕಲ್ಲಿಗೂ ಅದೇ ನ್ಯಾಯ ಅನ್ವಯಿಸಿತು. ಆಗ ರಸ್ತೆಯಲ್ಲಿ ವೇಗದ ಪ್ರಾಣಿ ಎಂದರೆ ಸೈಕಲ್ಲೇ. ಅತಿವೇಗವಾಗಿ ಸೈಕಲ್ ಓಡಿಸಿದವನೊಬ್ಬನಿಗೆ ಸಾರೋಟುಗಳಿಗಾಗಿ ಮಾಡಿದ್ದ ಕಾನೂನಿನಡಿ ದಂಡ ವಿಧಿಸಬಹುದೇ ಎಂಬ ಪ್ರಶ್ನೆ 1879ರಲ್ಲಿ ನ್ಯಾಯಾಲಯಕ್ಕೆ ಬಂದಾಗ, ‘ವಿಧಿಸಬಹುದು’ ಎಂದೇ ತೀರ್ಪಾಯಿತು. 1888ರ ಸ್ಥಳೀಯ ಸರ್ಕಾರ ಕಾಯ್ದೆ ಸೈಕಲ್ಲನ್ನು ಸ್ಪಷ್ಟವಾಗಿ ‘ಗಾಡಿ’ ಎಂದು ಕರೆಯಿತು. ಸವಾರ ರಾತ್ರಿ ದೀಪ ಹಚ್ಚಿರಬೇಕು. ಮುಂದೆ ಹೋಗುತ್ತಿರುವವರನ್ನು ದಾಟುವ ಮೊದಲು ಗಂಟೆ ಬಾರಿಸಿಯೋ ಸಿಳ್ಳೆ ಹಾಕಿಯೋ ತಿಳಿಸಬೇಕು. ಇವು ಅವನ ಹೊಣೆಗಳು. ಇದಕ್ಕೆ ಪ್ರತಿಯಾಗಿ ಅವನಿಗೆ ದಕ್ಕಿದ್ದು ದೊಡ್ಡದು. ಕುದುರೆಗಾಡಿಯ ಶ್ರೀಮಂತನಿಗೆ ರಸ್ತೆಯ ಮೇಲೆ ಎಷ್ಟು ಹಕ್ಕಿತ್ತೋ ಅಷ್ಟೇ ಹಕ್ಕು. ಸವಾರರು ಆ ಹಕ್ಕನ್ನು ಸುಮ್ಮನೆ ಅನುಭವಿಸುತ್ತ ಕೂರಲೂ ಇಲ್ಲ. 1878ರಲ್ಲಿ ಹುಟ್ಟಿದ ಅವರ ಸಂಘ, ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದದ್ದು, 1886ರಲ್ಲಿ ಮತ್ತೊಂದು ಸಂಘದೊಡನೆ ಸೇರಿ ರಸ್ತೆ ಸುಧಾರಣೆಯ ಚಳವಳಿಯನ್ನೇ ಹೂಡಿತು. ಮೋಟಾರು ಬರುವುದಕ್ಕೆ ಹತ್ತು ವರ್ಷ ಮೊದಲೇ ಒಳ್ಳೆಯ ರಸ್ತೆಗಾಗಿ ಗಂಟಲು ಹರಿದುಕೊಂಡವರು ಸೈಕಲ್ಲಿನವರು.

1896 ಒಂದು ವಿಚಿತ್ರ ವರ್ಷ. ಎಚ್. ಜಿ. ವೆಲ್ಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾಲಯಂತ್ರ. ಅದೇ ವೆಲ್ಸ್ ಆ ವರ್ಷ ‘ದಿ ವೀಲ್ಸ್ ಆಫ್ ಚಾನ್ಸ್’ ಎಂಬ ಸೈಕಲ್ ಕಾದಂಬರಿಯನ್ನು ಪ್ರಕಟಿಸಿದರು. ಬಟ್ಟೆ ಅಂಗಡಿಯ ಒಬ್ಬ ಬಡ ಗುಮಾಸ್ತ ರಜೆಯಲ್ಲಿ ಸೈಕಲ್ ಏರಿ ದಕ್ಷಿಣ ಇಂಗ್ಲೆಂಡಿನ ದಾರಿಗಳಲ್ಲಿ ಅಲೆಯುವ ಕಥೆ ಅದು. ಜವಳಿ ಅಳೆಯುವವನಿಗೂ ರಾಜಮಾರ್ಗ ತೆರೆದುಕೊಂಡ ಕಾಲ. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಮೋಟಾರು ಕಾರಿನಡಿ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಮೂರು ತಿಂಗಳೊಳಗೆ, ನವೆಂಬರಿನಲ್ಲಿ, ಕಾರಿನ ಮುಂದೆ ಮನುಷ್ಯ ನಡೆಯಬೇಕೆಂಬ ನಿಯಮವನ್ನು ತೆಗೆದುಹಾಕಿದ, ವೇಗದ ಮಿತಿಯನ್ನು 14 ಮೈಲಿಗೆ ಏರಿಸಿದ ಹೊಸ ಕಾಯ್ದೆ ಜಾರಿಗೆ ಬಂತು. ಮೋಟಾರು ಮಂದಿ ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆ ಹೊರಟು ತಮ್ಮ ‘ವಿಮೋಚನೆ’ಯನ್ನು ಆಚರಿಸಿದರು.

ಮಿತಿ 1903ರಲ್ಲಿ 20 ಮೈಲಿಯಾಯಿತು. 1930ರಲ್ಲಿ, ಯಾರೂ ಪಾಲಿಸುವುದಿಲ್ಲವೆಂಬ ಕಾರಣಕ್ಕೆ, ಕಾರುಗಳಿಗೆ ಮಿತಿಯನ್ನೇ ರದ್ದು ಮಾಡಿದರು. 1934ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಆ ವರ್ಷ ಊರುಗಳೊಳಗೆ 30 ಮೈಲಿ ಮಿತಿಯನ್ನು ಮತ್ತೆ ತರುವ ಮಸೂದೆ ಸಂಸತ್ತಿಗೆ ಬಂದಾಗ, ವಿಮಾನ ಹಾರಿಸಿ ಹೆಸರಾಗಿದ್ದ ಮೂರ್-ಬ್ರಬಝಾನ್ ಎಂಬ ಸದಸ್ಯರು ಅದನ್ನು ವಿರೋಧಿಸಿ ಮಾತಾಡಿದರು. ಹಿಂದೆಲ್ಲ ಕಾರಿಗೆ ಸಿಕ್ಕಿ ಎಷ್ಟೊಂದು ಕೋಳಿಗಳು ಸಾಯುತ್ತಿದ್ದವು, ನಾಯಿಗಳು ಸಾಯುತ್ತಿದ್ದವು. ಈಗ ನಾಯಿಗಳು ದಾರಿ ಬಿಡುವುದನ್ನು ಕಲಿತಿವೆ, ಮನುಷ್ಯರ ವಿಷಯವೂ ಹಾಗೆಯೇ ಸರಿಹೋಗುತ್ತದೆ ಎಂಬುದು ಅವರ ವಾದದ ತಿರುಳು. ಮಸೂದೆ ಗೆದ್ದಿತು, 1935ರಿಂದ ಮಿತಿ ಜಾರಿಗೆ ಬಂತು. ಆದರೆ ಕೋಳಿಯ ತರ್ಕ ಸೋಲಲಿಲ್ಲವೆಂದು ನಮಗೆ ತೋರುತ್ತದೆ.

ಹಿಂದಿನ ದೀಪದ ಜಗಳಕ್ಕೆ ಹಿನ್ನೆಲೆ ಇದೇ. ಸೈಕಲ್ಲಿಗೆ ಮುಂದಿನ ದೀಪ ಇರಬೇಕೆಂಬುದರ ಬಗ್ಗೆ ಸವಾರರಲ್ಲಿ ತಕರಾರಿರಲಿಲ್ಲ. ತಾನು ಯಾರನ್ನೂ ಗುದ್ದದಿರಲು ಬೇಕಾದ ದೀಪ ಅದು. ಹಿಂದೆಯೂ ಕೆಂಪು ದೀಪ ಹಾಕಿಕೊಳ್ಳಿ ಎಂದು ಮೋಟಾರು ಸಂಘಗಳು ಒತ್ತಾಯ ಮಾಡತೊಡಗಿದಾಗ ಟೂರಿಂಗ್ ಕ್ಲಬ್ ದಶಕಗಳ ಕಾಲ ಅದನ್ನು ಪ್ರತಿಭಟಿಸಿತು. ತಮ್ಮ ಜೀವ ಉಳಿಸುವ ದೀಪವನ್ನು ಬೇಡವೆನ್ನುವುದು ಹುಚ್ಚಲ್ಲವೆ ಎಂದು ನಮಗೂ ಮೊದಲಿಗೆ ಅನಿಸಿತ್ತು. ಅವರ ವಾದವನ್ನು ಪೂರ್ತಿ ಕೇಳಿದರೆ ಅದು ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಯಾವ ಚಾಲಕನೂ ತನ್ನ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವ ವೇಗದಲ್ಲಿ ಮಾತ್ರ ಓಡಿಸಬೇಕು. ಇದು ರಸ್ತೆಯ ಹಳೆಯ ನ್ಯಾಯ. ಹಿಂದಿನ ದೀಪ ಕಡ್ಡಾಯವಾದರೆ ಚಾಲಕ ರಸ್ತೆಯನ್ನು ನೋಡುವುದನ್ನು ಬಿಟ್ಟು ದೀಪಗಳನ್ನಷ್ಟೇ ನೋಡುತ್ತಾನೆ. ದೀಪ ಕಾಣದ ಕಡೆ ರಸ್ತೆ ಖಾಲಿಯಿದೆಯೆಂದು ತಿಳಿದು ನುಗ್ಗುತ್ತಾನೆ. ಆಗ ದೀಪವಿಲ್ಲದ ಪಾದಚಾರಿಯ ಗತಿಯೇನು? ದನಕರುಗಳ ಗತಿಯೇನು? ಕೊನೆಯದಾಗಿ, ತೀರ ವ್ಯಾವಹಾರಿಕವಾದ ಒಂದು ಮಾತು. ಹಿಂದಿನ ದೀಪ ಸವಾರನ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆಯ ದೀಪ ಗಾಳಿಗೋ ಕುಲುಕಿಗೋ ಆರಿಹೋದರೆ ಅವನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿರುತ್ತಾನೆ, ತಪ್ಪು ಅವನದೇ ಆಗಿರುತ್ತದೆ.

ಈ ಕೊನೆಯ ಮಾತನ್ನು ಓದುವಾಗ ನಮ್ಮ ಶಾಖೆಯ ಹತ್ತೂವರೆ ಗಂಟೆಯ ಪ್ರಶ್ನೆ ನೆನಪಾಗದೆ ಇರಲಿಲ್ಲ.

ಹೋರಾಟ ಮೆಟ್ಟಿಲು ಮೆಟ್ಟಿಲಾಗಿ ಸೋತಿತು. 1927ರ ಕಾಯ್ದೆ ಸೈಕಲ್ಲಿಗೆ ದೀಪದ ಬದಲು ಕೆಂಪು ಪ್ರತಿಫಲಕ ಸಾಕೆಂದಿತು. 1934ರ ಕಾಯ್ದೆ ಅದರ ಜೊತೆಗೆ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿಯ ಪಟ್ಟಿ ಬೇಕೆಂದಿತು. 1939ರಲ್ಲಿ ಯುದ್ಧ ಬಂತು. ಜರ್ಮನ್ ವಿಮಾನಗಳ ಭಯದಿಂದ ಬೀದಿದೀಪಗಳೆಲ್ಲ ಆರಿದವು, ಕಾರಿನ ದೀಪಗಳಿಗೆ ಮುಸುಕು ಬಿತ್ತು, ಸೈಕಲ್ಲಿಗೆ ಹಿಂದಿನ ದೀಪ ಕಡ್ಡಾಯವಾಯಿತು. 1941ರಲ್ಲಿ ರಸ್ತೆಯಲ್ಲಿ ಸತ್ತವರ ಸಂಖ್ಯೆ 9,169ಕ್ಕೆ ಮುಟ್ಟಿತು. ಬ್ರಿಟನ್ನಿನ ಚರಿತ್ರೆಯಲ್ಲೇ ಅತಿ ಹೆಚ್ಚು. ಪೆಟ್ರೋಲಿಗೆ ರೇಷನ್ ಇದ್ದು ಕಾರುಗಳು ಕಡಿಮೆಯಾಗಿದ್ದ ಕಾಲದಲ್ಲಿ ಇಷ್ಟು ಸಾವು! ಕಾಣದ ರಸ್ತೆಯಲ್ಲೂ ಚಾಲಕರು ಕಂಡಂತೆಯೇ ಓಡಿಸಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಯುದ್ಧ ಮುಗಿದು ಬೀದಿದೀಪಗಳು ಮತ್ತೆ ಹೊತ್ತಿಕೊಂಡವು. ಸೈಕಲ್ಲಿನ ಹಿಂದಿನ ದೀಪ ಮಾತ್ರ 1945ರ ಕಾಯ್ದೆಯಿಂದ ಶಾಶ್ವತವಾಯಿತು.

ದೀಪ ಬೇಡವೆಂದು ನಾವು ವಾದಿಸುತ್ತಿಲ್ಲ. ಇಂದಿನ ರಸ್ತೆಯಲ್ಲಿ ದೀಪವಿಲ್ಲದೆ ಹೋಗು ಎಂದು ನಮ್ಮ ಮಕ್ಕಳಿಗೆ ಹೇಳುವ ಧೈರ್ಯ ನಮಗಿಲ್ಲ. ಆದರೆ ಕಾಣುವ ಹೊಣೆ ಒಬ್ಬನಿಂದ ಕಳಚಿ, ಕಾಣಿಸಿಕೊಳ್ಳುವ ಹೊಣೆಯಾಗಿ ಇನ್ನೊಬ್ಬನ ಹೆಗಲೇರಿದ್ದು ಹೀಗೆ.

ಅದೇ ಕಾಲದ ಇನ್ನೊಂದು ಜಗಳ ಪ್ರತ್ಯೇಕ ಪಥದ್ದು. 1934ರ ಡಿಸೆಂಬರಿನಲ್ಲಿ ಸಾರಿಗೆ ಸಚಿವ ಹೋರ್-ಬೆಲಿಷಾ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ರಸ್ತೆಯ ಬದಿಗೆ ಎರಡೂವರೆ ಮೈಲಿ ಉದ್ದ, ಎಂಟೂವರೆ ಅಡಿ ಅಗಲದ ಸೈಕಲ್ ಪಥವನ್ನು ಉದ್ಘಾಟಿಸಿದರು. ಟೂರಿಂಗ್ ಕ್ಲಬ್ ಇದನ್ನೂ ವಿರೋಧಿಸಿತು. ಇಂದು ಪಥ ಕೊಟ್ಟೆವೆನ್ನುವವರು ನಾಳೆ ‘ನಿಮಗೆ ಪಥವಿದೆಯಲ್ಲ, ರಸ್ತೆಗೇಕೆ ಬಂದಿರಿ’ ಎನ್ನುತ್ತಾರೆಂಬುದು ಅವರ ಭಯ. ಅದು ಬರಿಯ ಶಂಕೆಯೂ ಆಗಿರಲಿಲ್ಲ. ಅದೇ ವರ್ಷ ಜರ್ಮನಿಯ ಹೊಸ ಸಂಚಾರ ಕಾನೂನು, ಪಥವಿರುವಲ್ಲಿ ಸೈಕಲ್ ಸವಾರರು ಪಥದಲ್ಲೇ ಹೋಗಬೇಕೆಂದು ಕಡ್ಡಾಯ ಮಾಡಿತ್ತು. ಇಂಗ್ಲಿಷ್ ಸವಾರರು ಕಾನೂನಿನ ಮಟ್ಟಿಗೆ ರಸ್ತೆಯನ್ನು ಉಳಿಸಿಕೊಂಡರು. ಮುಂದಿನ ದಶಕಗಳಲ್ಲಿ ಆ ರಸ್ತೆಗಳ ಮೇಲೆ ಕಾರುಗಳು ತುಂಬಿಕೊಂಡಾಗ, ಪಥವೂ ಇಲ್ಲದೆ ರಸ್ತೆಯೂ ದಕ್ಕದೆ, ಸವಾರರೇ ಕರಗಿಹೋದರು. ಹಕ್ಕು ಕಾಗದದ ಮೇಲೆ ಉಳಿಯಿತು. ಸರ್ಕಾರಿ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಇಂಥ ಹಕ್ಕುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ.

ಸಮುದ್ರದಾಚೆಯ ಹಾಲೆಂಡಿನಲ್ಲಿ ಕಥೆ ಬೇರೆ ತಿರುವು ಪಡೆಯಿತು. ಅಲ್ಲಿಯ ಜನ ಹುಟ್ಟಿನಿಂದಲೇ ಸೈಕಲ್ ಪ್ರಿಯರು, ಅವರ ನೆಲ ಸಪಾಟು, ಅದಕ್ಕೇ ಅಲ್ಲಿ ಎಲ್ಲವೂ ಸಾಧ್ಯವಾಯಿತು ಎಂಬ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇವೆ. ದೆಹಲಿಯ ನೆಲವೇನೂ ಮಡಿಕೇರಿಯ ಘಾಟಿಯಲ್ಲ. ನಿಜವಾಗಿ, 1950 ಮತ್ತು 60ರ ದಶಕಗಳಲ್ಲಿ ಹಾಲೆಂಡೂ ಕಾರಿನ ಹಿಂದೆಯೇ ಓಡಿತು. ಸೈಕಲ್ ಬಳಕೆ ವರ್ಷ ವರ್ಷವೂ ಕುಸಿಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಹದಿನಾಲ್ಕರೊಳಗಿನ ಮಕ್ಕಳು. ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಮಗಳು ಹಾಗೆ ಸತ್ತವಳು. 1972ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದಿತ್ತು.

‘ಅಪಘಾತ’ ಎಂಬ ಮಾತನ್ನು ಅವರು ಬಳಸಲಿಲ್ಲ, ‘ಕೊಲೆ’ ಎಂದರು. ಮರುವರ್ಷ ಅದೇ ಹೆಸರಿನ ಸಂಘಟನೆ ಹುಟ್ಟಿತು, ಮಾರ್ಟ್ಯೆ ವಾನ್ ಪುಟ್ಟೆನ್ ಎಂಬ ಯುವತಿ ಅದರ ಮೊದಲ ಅಧ್ಯಕ್ಷೆಯಾದರು. ಆಮ್‌ಸ್ಟರ್‌ಡಾಮಿನ ಡೆ ಪೈಪ್ ಎಂಬ ಇಕ್ಕಟ್ಟಾದ ಕೇರಿಯಲ್ಲಿ ಮಕ್ಕಳೇ ಬೀದಿಗೆ ಅಡ್ಡಗಟ್ಟಿ ಆಡಲು ಜಾಗ ಕೇಳಿದರು. 1973ರ ಕೊನೆಗೆ ತೈಲದ ಬಿಕ್ಕಟ್ಟು ಬಂದು, ಭಾನುವಾರಗಳಂದು ಕಾರು ಓಡಿಸಬಾರದೆಂದು ಸರ್ಕಾರವೇ ಆದೇಶಿಸಿದಾಗ, ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು. ರಸ್ತೆ ಹೀಗೂ ಇರಬಲ್ಲದೆಂಬುದನ್ನು ಕಣ್ಣಾರೆ ಕಂಡ ಜನರನ್ನು ಮತ್ತೆ ಸುಮ್ಮನಾಗಿಸುವುದು ಕಷ್ಟ. ಡೆಲ್ಫ್ಟ್ ನಗರದಲ್ಲಿ ವಸತಿ ಬೀದಿಗಳನ್ನು ಕಾರು ನಡಿಗೆಯ ವೇಗದಲ್ಲಿ ಮಾತ್ರ ಹೋಗಬಲ್ಲಂತೆ ಬಳುಕಿಸಿ ಕಟ್ಟಿದರು. 1976ರಲ್ಲಿ ಇಂಥ ಬೀದಿಗಳಿಗೆ ಕಾನೂನಿನ ಮನ್ನಣೆ ಸಿಕ್ಕಿತು. ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಸರ್ಕಾರದ ಹಣದಿಂದ ಮಾದರಿ ಸೈಕಲ್ ಪಥಗಳು ಬಂದವು. ಇಂಗ್ಲಿಷ್ ಸವಾರರು ಯಾವುದನ್ನು ಗಡೀಪಾರು ಎಂದು ಅಂಜಿದ್ದರೋ ಅದನ್ನೇ ಡಚ್ಚರು ಹಕ್ಕೊತ್ತಾಯವಾಗಿ ಕೇಳಿ ಪಡೆದರು. ಪಥ ಮುಖ್ಯವಲ್ಲ, ಅದನ್ನು ಯಾರಿಗಾಗಿ ಕಟ್ಟುತ್ತಾರೆಂಬುದು ಮುಖ್ಯ. ಒಂದು ಕಡೆ ಕಾರಿನ ದಾರಿಯಿಂದ ಸೈಕಲ್ಲನ್ನು ಸರಿಸಲು, ಇನ್ನೊಂದು ಕಡೆ ಮಗುವಿನ ದಾರಿಯಿಂದ ಕಾರನ್ನು ಸರಿಸಲು.

ಡಚ್ಚರ ಕಾನೂನಿನಲ್ಲಿ ಇನ್ನೊಂದು ಅಂಶವಿದೆ. 1994ರ ರಸ್ತೆ ಸಂಚಾರ ಕಾಯ್ದೆಯ 185ನೆಯ ವಿಧಿಯ ಪ್ರಕಾರ, ಮೋಟಾರು ವಾಹನ ಸೈಕಲ್ಲಿಗೋ ಪಾದಚಾರಿಗೋ ಗುದ್ದಿದರೆ ಪರಿಹಾರದ ಹೊಣೆ ಮೊದಲಿಗೆ ಮೋಟಾರಿನವನದು. ತಾನು ಏನು ಮಾಡಿದರೂ ತಪ್ಪಿಸಲಾಗುತ್ತಿರಲಿಲ್ಲವೆಂದು ಅವನೇ ಸಾಬೀತುಪಡಿಸಬೇಕು. ಹದಿನಾಲ್ಕು ವರ್ಷದೊಳಗಿನ ಮಗುವಾದರೆ ಆ ದಾರಿಯೂ ಬಹುತೇಕ ಮುಚ್ಚಿದಂತೆಯೇ. ಇದು ಶಿಕ್ಷೆಯ ಮಾತಲ್ಲ, ಹಣದ ಮಾತು. ಆದರೂ ಪ್ರಶ್ನೆ ಕೇಳುವ ದಿಕ್ಕು ಇಲ್ಲಿ ತಿರುಗುತ್ತದೆ. ಕೆಂಪು ಬಾವುಟ ಮತ್ತೆ ಯಂತ್ರದ ಕಡೆಯವನ ಕೈಗೆ ಬಂದಿತೆನ್ನಬಹುದು.

ಇನ್ನು ನಮ್ಮ ದೇಶದ ಮಾತು. ನಮ್ಮ ತಂದೆಯವರು ದಾವಣಗೆರೆಯಲ್ಲಿ ಹತ್ತಿ ಗಿರಣಿಯ ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದವರು. ಸೀಮೆಎಣ್ಣೆ ದೀಪ ಆರಿಹೋದದ್ದಕ್ಕೆ ಪೊಲೀಸಿನವನು ಚಕ್ರದ ಗಾಳಿ ಬಿಟ್ಟು ಕಳಿಸಿದ ಕಥೆಯನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಸೈಕಲ್ಲಿಗೆ ಪುರಸಭೆಯ ತೆರಿಗೆ ಕಟ್ಟಿ ಬಿಲ್ಲೆ ಕಟ್ಟಿಸಿಕೊಳ್ಳಬೇಕಿತ್ತು. ಇಬ್ಬರು ಕೂತರೆ ದಂಡ. ನಮ್ಮ ಕಾಲಕ್ಕೆ ಡೈನಮೊ ಬಂದಿತ್ತು. ಅದರದು ಬೇರೆಯೇ ಫಜೀತಿ. ಚಕ್ರ ತಿರುಗಿದರೆ ಬೆಳಕು, ನಿಂತರೆ ಕತ್ತಲು. ಲಾರಿಗೆ ದಾರಿ ಬಿಡಲೆಂದು ಅಂಚಿಗೆ ಬಂದು ನಿಂತೆವೋ, ಆ ಕ್ಷಣಕ್ಕೇ ನಾವು ಕಣ್ಮರೆ. ಆಗಿನ ಊರುಗಳಲ್ಲಿ ಪೊಲೀಸಿನವನ ಕೈಗೆ ಸುಲಭವಾಗಿ ಸಿಗುತ್ತಿದ್ದವನು ಸೈಕಲ್ಲಿನವನೇ.

ನಮ್ಮಲ್ಲಿ ಕಾನೂನು ಇರಲಿಲ್ಲವೆಂದಲ್ಲ. 1989ರ ರಸ್ತೆ ನಿಯಮಗಳಲ್ಲಿ, ಸೈಕಲ್ ಪಥವಿರುವ ಕಡೆ ಪೊಲೀಸರ ಅನುಮತಿಯಿಲ್ಲದೆ ಮೋಟಾರು ವಾಹನ ಅದರ ಮೇಲೆ ಓಡಬಾರದೆಂದು ಸ್ಪಷ್ಟವಾಗಿ ಬರೆದಿತ್ತು. ಪಥಗಳೇ ಇಲ್ಲದಿದ್ದುದರಿಂದ ನಿಯಮ ಮುರಿಯುವ ಪ್ರಸಂಗವೇ ಹೆಚ್ಚಾಗಿ ಬರಲಿಲ್ಲ. 2011ರ ಜನಗಣತಿಯಲ್ಲಿ ಸೈಕಲ್ ಇದ್ದ ಮನೆಗಳು ನೂರಕ್ಕೆ 44.8, ಕಾರು ಇದ್ದವು 4.7. ಹೀಗಿದ್ದೂ ಕೋಲ್ಕತ್ತಾದಲ್ಲಿ 2008ರಿಂದ ಹಲವು ಮುಖ್ಯ ರಸ್ತೆಗಳಲ್ಲಿ ಸೈಕಲ್ ನಿಷೇಧವಾಗಿ, 2013ರಲ್ಲಿ ಆ ಪಟ್ಟಿ 174 ರಸ್ತೆಗಳಿಗೆ ಬೆಳೆಯಿತು. ಹಾಲು, ಪತ್ರಿಕೆ, ಮೀನು ಮಾರುವವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಅದು ಕುಗ್ಗಿತು.

ದೆಹಲಿಯಲ್ಲಿ ನಾವೇ ಕಂಡದ್ದು ಬಿಆರ್‌ಟಿ ಮಾರ್ಗದ ಕಥೆ. ಐಐಟಿಯ ದಿನೇಶ್ ಮೋಹನ್, ಗೀತಂ ತಿವಾರಿ ಮೊದಲಾದವರ ಚಿಂತನೆಯಿಂದ ಮೂಡಿದ ಆ ಯೋಜನೆ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್ ವರೆಗೆ 5.8 ಕಿ.ಮೀ. ಉದ್ದಕ್ಕೆ ಜಾರಿಗೆ ಬಂತು. ಬಸ್ಸಿಗೆ ನಡುವೆ ಪ್ರತ್ಯೇಕ ದಾರಿ, ಸೈಕಲ್ಲಿಗೆ ಎಡ ಅಂಚಿನಲ್ಲಿ ಪಥ. ಕಾರುಗಳಿಗೆ ಉಳಿದ ಭಾಗದಲ್ಲಿ ದಟ್ಟಣೆ ಹೆಚ್ಚಿತು, ಪತ್ರಿಕೆಗಳೂ ಟಿವಿಯವರೂ ಕೂಗಾಡಿದರು. ಸೈಕಲ್ ಪಥಕ್ಕೆ ಮೋಟಾರ್‌ಸೈಕಲ್ಲುಗಳು ನುಗ್ಗಿದವು. ಬಸ್ಸಿನ ದಾರಿಯನ್ನು ಎಲ್ಲರಿಗೂ ತೆರೆಯಬೇಕೆಂದು ಹೈಕೋರ್ಟಿಗೆ ಹೋದ ಅರ್ಜಿ 2012ರಲ್ಲಿ ವಜಾ ಆಯಿತು. ಆದರೂ 2016ರಲ್ಲಿ ಮಾರ್ಗವನ್ನು ಕಿತ್ತು ಹಾಕಿದರು. ಅದರ ವಿನ್ಯಾಸದಲ್ಲಿ ದೋಷಗಳಿದ್ದವು, ನಿಜ. ಕೂಡುರಸ್ತೆಗಳ ಸಿಗ್ನಲ್ಲುಗಳಲ್ಲಿ ನಾವೂ ಕಾದು ಬೇಸತ್ತಿದ್ದೇವೆ, ಅದೂ ಬಸ್ಸಿನಲ್ಲಲ್ಲ, ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಕೂತು. ಮಾರ್ಗ ತೆಗೆದ ದಿನ ನಮ್ಮ ಕಾರಿನಲ್ಲಿ ಯಾರಿಗೂ ದುಃಖವಾಗಲಿಲ್ಲ. ಎಡ ಅಂಚಿನ ಪಥವೂ ಹೋಯಿತೆಂಬುದು ನಮ್ಮ ಗಮನಕ್ಕೆ ಬರಲೇ ಇಲ್ಲ.

ಆಸ್ಪತ್ರೆಗೆ ಹೋಗಿ ಬಂದ ಮೇಲೆ ನಾವು ಮೋಟಾರು ವಾಹನ ಕಾಯ್ದೆಯನ್ನು ತೆರೆದು ಕೂತೆವು. ನಮ್ಮಲ್ಲಿಯೂ ಡಚ್ಚರ ವಿಧಿಯ ಒಬ್ಬ ಬಡ ನೆಂಟನಿದ್ದಾನೆ. 2019ರ ತಿದ್ದುಪಡಿಯಿಂದ ಬಂದು 2022ರ ಏಪ್ರಿಲಿನಿಂದ ಜಾರಿಯಲ್ಲಿರುವ 164ನೆಯ ಕಲಮಿನ ಪ್ರಕಾರ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಲು ಚಾಲಕನ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ. ಆದರೆ ಯಾವ ವಾಹನವೆಂದು ಗೊತ್ತಿರಬೇಕು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಬೇರೆ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅಂದರೆ ನಿಂತವನ ವಿಮೆಗಾರ ಎರಡೂವರೆ ಲಕ್ಷ ಕೊಡಬೇಕು. ಓಡಿಹೋದವನು ಸಿಗದಿದ್ದರೆ ಗಾಯಾಳುವಿಗೆ ದಕ್ಕುವುದು ಐವತ್ತು ಸಾವಿರ. ದಿನವೂ ಕಡತಗಳ ನಡುವೆ ಬದುಕುವ ನಮಗೂ ಇದು ಗೊತ್ತಿರಲಿಲ್ಲ. ಅವರ ಮನೆಯವರಿಗೆ ಗೊತ್ತಿರುವುದೆಂತು? ಪೊಲೀಸರ ವರದಿ, ಆಸ್ಪತ್ರೆಯ ಕಾಗದಗಳನ್ನು ಕೂಡಿಸಿ ಅರ್ಜಿ ತುಂಬಿಕೊಟ್ಟೆವು. ಇದನ್ನು ಬರೆಯುವ ಹೊತ್ತಿಗೆ ಅದು ಇನ್ನೂ ವಿಚಾರಣೆಯಲ್ಲಿದೆ.

ಅವರು ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಮರಳಿದರು, ತುಸು ಕುಂಟುತ್ತ. ಶಾಖೆಯವರೆಲ್ಲ ಸೇರಿ ಒಂದು ಬ್ಯಾಟರಿಯ ಕೆಂಪು ದೀಪವನ್ನು ತಂದು ಸೈಕಲ್ಲಿನ ಹಿಂದೆ ಕಟ್ಟಿಸಿದೆವು. ಅವರು ಕೈ ಮುಗಿದರು. ‘ದೀಪ ಅವತ್ತೂ ಇತ್ತು ಸಾಹೇಬರೆ, ಉರಿಯುತ್ತಿತ್ತೋ ಇಲ್ಲವೋ ನನಗೆ ಹೇಗೆ ಕಾಣಬೇಕು’ ಎಂದರು. ಎರಡನೆಯ ವಾರದಲ್ಲಿ ಕಚೇರಿಯ ಸೈಕಲ್ ನಿಲ್ದಾಣದಿಂದಲೇ ಆ ದೀಪವನ್ನು ಯಾರೋ ಕದ್ದರು. ಮತ್ತೊಂದನ್ನು ತರುವ ಮಾತು ನಮ್ಮ ಶಾಖೆಯಲ್ಲಿ ನಡೆಯುತ್ತಲೇ ಇದೆ. ಈ ನಡುವೆ ಅವರು ಹಿಂದಿನ ಮಡ್‌ಗಾರ್ಡಿಗೆ ಮನೆಯಲ್ಲಿ ಉಳಿದಿದ್ದ ಬಿಳಿಯ ಬಣ್ಣವನ್ನು ಬಳಿದುಕೊಂಡು ಬರುತ್ತಿದ್ದಾರೆ.